ಹಂಪ್ಸಿನ ಮೇಲೆ ಕೂತ ಭವಿಷ್ಯ

ಆನಂದಪುರಕ್ಕೆ ಭವಿಷ್ಯ ಬಂದಿದೆ. ಸದ್ಯ ಹಂಪ್ಸಿನ ಮೇಲೆ ಹೊಟ್ಟೆ ಊರಿ ಕೂತಿದೆ.

ನಮ್ಮ ಸಾವ್ಕಾರ್ರು ಹೊಸ ಕಾರು ತಂದಿದ್ದಾರೆ. ಬ್ಯಾಟರಿಯದು. ಜರ್ಮನಿಯದು. ಉದ್ದ ಐದು ಮೀಟರಿಗೂ ಹೆಚ್ಚು. ನೆಲಕ್ಕೂ ಅದರ ಹೊಟ್ಟೆಗೂ ನಡುವೆ ಒಂದು ಗೇಣು ಜಾಗವಿಲ್ಲ. ಕಂಪನಿಯ ಹೆಸರು ಬರೆಯುವುದಿಲ್ಲ. ಅವರದೇನೂ ತಪ್ಪಿಲ್ಲ. ಪಾಪ, ಅವರು ರಸ್ತೆಯಲ್ಲಿ ಓಡಿಸಲಿಕ್ಕೆಂದು ಕಾರು ಮಾಡಿದ್ದರು.

ಹಂಪ್ಸಿನ ವಿಷಯ ಮೊದಲು ಹೇಳಿ ಮುಗಿಸುತ್ತೇನೆ. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆಯಿದೆ. ರಸ್ತೆ ಉಬ್ಬು ಹೇಗಿರಬೇಕೆಂದು 1988ರಲ್ಲೇ ಬರೆದಿಟ್ಟಿದೆ. ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ಮೊದಲೇ ಎಚ್ಚರಿಸುವ ಬೋರ್ಡು, ಮೇಲೆ ಪಟ್ಟೆ. ಈ ಹಂಪ್ಸಿಗೆ ಬೋರ್ಡಿಲ್ಲ. ಪಟ್ಟೆಯಿಲ್ಲ. ಅಗಲ ಒಂದು ಮೊಳ. ಎತ್ತರ ಮೇಸ್ತ್ರಿಯ ಮನಸ್ಸಿಗೆ ಬಂದಷ್ಟು.

ಹಾಕಿಸಿದ್ದು ಯಾರು? ಸಾವ್ಕಾರ್ರೇ. ಗೇಟಿನೆದುರು ಲಾರಿಗಳು ಜೋರಾಗಿ ಹೋಗುತ್ತವೆಂದು ಎಂಜಿನಿಯರಿಗೆ ಫೋನು ಮಾಡಿ ಹಾಕಿಸಿದರು. ಲಾರಿಗಳು ಈಗಲೂ ಹಾರಿಕೊಂಡೇ ಹೋಗುತ್ತವೆ. ಸಿಕ್ಕಿಬೀಳುವುದು ಇವರ ಕಾರೊಂದೇ.

"ಬಟನ್ ಒತ್ತಿದ್ರೆ ಕಾರು ತಾನೇ ಮೇಲೆ ಏಳ್ತದೆ ಮಾರಾಯ್ರೆ" ಎಂದರು. ಎದ್ದಿತು. ಸಾಲಲಿಲ್ಲ. ಕೊನೆಗೆ ತೋಟದ ಆಳುಗಳು ನಾಲ್ಕು ಅಡಿಕೆ ದಬ್ಬೆ ತಂದು ಚಕ್ರದ ಕೆಳಗೆ ಕೊಟ್ಟರು. ಆ ತಂತ್ರಜ್ಞಾನ ಕೆಲಸ ಮಾಡಿತು.

ಈ ಜಾತಿಯ ಕಾರುಗಳ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. 2022ರ ಸೆಪ್ಟೆಂಬರ್ 30ರಂದು ಮರ್ಸಿಡಿಸ್ ಬೆಂಜ್ ತನ್ನ ಇಕ್ಯೂಎಸ್ 580 ಕಾರನ್ನು ಪುಣೆ ಹತ್ತಿರದ ಚಾಕಣದಲ್ಲೇ ಜೋಡಿಸಿ ಮಾರಾಟಕ್ಕೆ ಬಿಟ್ಟಿತು. ಶೋರೂಂ ಬೆಲೆ 1.55 ಕೋಟಿ. ಒಂದು ಸಲ ಚಾರ್ಜ್ ಮಾಡಿದರೆ 857 ಕಿ.ಮೀ. ಎಂದು ಸರ್ಟಿಫಿಕೇಟು. ಎದುರಿಗೆ ಈ ತುದಿಯಿಂದ ಆ ತುದಿಗೆ 56 ಇಂಚಿನ ಪರದೆ. ಮರುವರ್ಷ ಜನವರಿಯಲ್ಲಿ ಬಿಎಂಡಬ್ಲ್ಯುದವರು ಐ7 ತಂದರು. 1.95 ಕೋಟಿ. ಹಿಂದಿನ ಸೀಟಿನವರು ಬೇಜಾರಾಗಬಾರದೆಂದು ಮೇಲಿಂದ ಇಳಿಯುವ 31.3 ಇಂಚಿನ ಸಿನಿಮಾ ಪರದೆ. ಸಾವ್ಕಾರ್ರದೂ ಇದೇ ಕುಲದ್ದು.

ಸಾಗರದಲ್ಲಿ ಟಾಕೀಸು ನಡೆಸುವುದು ಕಷ್ಟ ಎನ್ನುತ್ತಾರೆ. ಹಿಂದಿನ ಸೀಟಿನಲ್ಲಿ ನಡೆಯುತ್ತಿದೆ.

ಇಷ್ಟು ದುಡ್ಡು ಕೊಟ್ಟಿದ್ದು ಶೋಕಿಗಲ್ಲವಂತೆ. ಪರಿಸರಕ್ಕಂತೆ. "ಹೊಗೆ ಇಲ್ಲ, ಶಬ್ದ ಇಲ್ಲ. ನಮ್ಮ ಮಲೆನಾಡನ್ನ ನಾವೇ ಉಳಿಸ್ಬೇಕಲ್ಲ?" ಎಂದರು. ಮಲೆನಾಡಿನ ಸಾಕ್ಷಿ ಕೇಳೋಣವೆಂದರೆ ಅದು ಕತ್ತರಿಸಿ ಮಲಗಿತ್ತು. ಕಾರು ತಿರುಗಿಸಲು ಅಂಗಳ ಸಾಲದೆಂದು ಎರಡು ಹಲಸು, ಒಂದು ಅಪ್ಪೆಮಿಡಿ ಮರ ಉರುಳಿದ್ದವು. ಉಪ್ಪಿನಕಾಯಿಗೆ ಮಿಡಿ ಈಗ ರಿಪ್ಪನ್‌ಪೇಟೆಯಿಂದ ಬರುತ್ತದೆ. ಅದೇ ಕಾರಿನಲ್ಲಿ.

ಸರಕಾರವೂ ಪರಿಸರಪ್ರೇಮಿಯೇ. ಅದಕ್ಕೇ ಬ್ಯಾಟರಿ ಕಾರಿಗೆ ಜಿಎಸ್‌ಟಿ 5 ಪರ್ಸೆಂಟ್. ಹತ್ತು ಲಕ್ಷದ್ದಾದರೂ 5, ಎರಡು ಕೋಟಿಯದ್ದಾದರೂ 5. ಒಣ ಅಡಿಕೆಗೂ 5 ಪರ್ಸೆಂಟ್. ಮಳೆಗಾಲಪೂರ್ತಿ ಕೊಟ್ಟೆ ಕಟ್ಟಿ, ಮೈಲುತುತ್ತ ಹೊಡೆದು, ಎಲೆಚುಕ್ಕೆ ರೋಗದ ಎದುರು ಸೋತು, ಉಳಿದಷ್ಟನ್ನು ಸುಲಿದು ಬೇಯಿಸಿ ಒಣಗಿಸಿದ ಅಡಿಕೆಗೆ ಹಾಕುವಷ್ಟೇ ತೆರಿಗೆ ಕಾಲಿಗೆ ಮಸಾಜು ಮಾಡುವ ಸೀಟಿಗೂ. ಸಮಾನತೆ ಎಂದರೆ ಇದು.

ಇನ್ನೂ ಸ್ವಲ್ಪ ಸಮಾನತೆ ನೋಡಿ. ಬ್ಯಾಟರಿ ಕಾರಿನ ತೆರಿಗೆ 5ಕ್ಕೆ ಇಳಿದದ್ದು 2019ರ ಆಗಸ್ಟಿನಲ್ಲಿ. ಸೈಕಲ್ಲಿನ ತೆರಿಗೆ 12ರಿಂದ 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಂದು. ನಡುವಿನ ಆರು ವರ್ಷ ಈ ದೇಶದಲ್ಲಿ ಕೋಟಿ ರೂಪಾಯಿಯ ಕಾರಿಗಿಂತ ಹುಡುಗಿ ಶಾಲೆಗೆ ತುಳಿಯುವ ಸೈಕಲ್ಲೇ ಹೆಚ್ಚಿನ ಐಷಾರಾಮವಾಗಿತ್ತು. ಅದೂ ಅವಳು ಕೊಂಡರೆ. ಎಂಟನೇ ಕ್ಲಾಸಿನವರಿಗೆ 2006-07ರಿಂದ ಸರಕಾರ ಪುಕ್ಕಟೆ ಕೊಡುತ್ತಿದ್ದ ಸೈಕಲ್ಲು ಕೊರೊನಾ ಹೊತ್ತಿಗೆ ನಿಂತುಹೋಯಿತು. ಮೊದಲು ಬಜೆಟ್ಟಿನಲ್ಲಿ ಅದನ್ನು ತಂದ ಹಣಕಾಸು ಮಂತ್ರಿ ಪಕ್ಕದ ಶಿಕಾರಿಪುರದವರು. ಸೈಕಲ್ಲು ನಿಂತಾಗ ಮುಖ್ಯಮಂತ್ರಿಯಾಗಿದ್ದವರೂ ಅವರೇ.

ಡೀಸೆಲ್ ಆಂಬುಲೆನ್ಸಿಗೆ ಎಷ್ಟು? 2025ರ ಸೆಪ್ಟೆಂಬರ್ ತನಕ 28. ಈಗ ದೊಡ್ಡ ಮನಸ್ಸು ಮಾಡಿ 18. ಬಸ್ಸಿಗೂ 18. ಮಲಗಿ ಹೋಗುವವನಿಗೆ 18, ನಿಂತು ಹೋಗುವವನಿಗೆ 18, ಒರಗಿ ಹೋಗುವವನಿಗೆ 5.

ಪೆಟ್ರೋಲಿನ ದೊಡ್ಡ ಕಾರಾದರೆ 40 ಪರ್ಸೆಂಟ್ ಎಂದು ಸಾವ್ಕಾರ್ರು ಗಾಬರಿಯಿಂದ ಹೇಳಿದರು. ಕರ್ನಾಟಕದಲ್ಲಿ ನಲವತ್ತು ಪರ್ಸೆಂಟ್ ಎಂದರೆ ಯಾರಾದರೂ ಗಾಬರಿಯಾಗುತ್ತಾರಾ? 2021ರಲ್ಲಿ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ಆ ಸಂಖ್ಯೆ ಬರೆದು ಕಳಿಸಿತ್ತು. ಅದು ಕಮಿಷನ್ನಿನ ಲೆಕ್ಕ. ಅದಕ್ಕೆ ರಸೀದಿ ಕೊಡುವುದಿಲ್ಲ, ಅಷ್ಟೇ ವ್ಯತ್ಯಾಸ.

ರಾಜ್ಯದ ಪಾಲು ಬೇರೆ. 2016ರಿಂದ ಬ್ಯಾಟರಿ ಕಾರಿಗೆ ರಸ್ತೆ ತೆರಿಗೆಯೇ ಇರಲಿಲ್ಲ. 2024ರಲ್ಲಿ 25 ಲಕ್ಷ ದಾಟಿದವಕ್ಕೆ 10 ಪರ್ಸೆಂಟ್ ಹಾಕಿದರು. ಸಾವ್ಕಾರ್ರಿಗೆ ಸಂಕಟವಾಯಿತು. "ರಸ್ತೆನೇ ಇಲ್ಲ, ರಸ್ತೆ ತೆರಿಗೆ ಎಂತಕ್ಕೆ?" ಒಳ್ಳೆಯ ಪ್ರಶ್ನೆ. ಗುಂಡಿಯಲ್ಲಿ ಟಿವಿಎಸ್ ಸಮೇತ ಬಿದ್ದ ಹಾಲಿನವನೂ ಇದನ್ನೇ ಕೇಳಿದ್ದ. ಆಗ ಸಾವ್ಕಾರ್ರು ಅವನಿಗೆ ನಿಧಾನ ಹೋಗಬೇಕಪ್ಪ ಎಂದು ಬುದ್ಧಿ ಹೇಳಿದ್ದರು.

ಬೇರೆ ರಾಜ್ಯದ ನಂಬರ್ ಹಾಕಿಸಿದರೆ ಉಳಿಯುತ್ತದಂತಲ್ಲ ಎಂದೂ ವಿಚಾರಿಸಿದರು. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರದ ನಂಬರಿನ ಒಂದು ಫೆರಾರಿಯನ್ನು ಆರ್‌ಟಿಒದವರು ಹಿಡಿದು ಸುಮಾರು 1.4 ಕೋಟಿ ಕಕ್ಕಿಸಿದ್ದನ್ನು ತಿಳಿಸಿದೆ. ವಿಚಾರ ಕೈಬಿಟ್ಟರು. ದೇಶಭಕ್ತಿ ಹುಟ್ಟುವುದು ಹೀಗೆ.

ಇನ್ನು ಮಾಲೀಕರ ಅನುಭವಕ್ಕೆ ಬರೋಣ.

ಕಾರಿಗೆ ಕಣ್ಣಿದೆ, ಬುದ್ಧಿಯಿದೆ. ಬಿಳಿ ಗೆರೆ ನೋಡಿಕೊಂಡು ತಾನೇ ಸರಿದಾರಿಯಲ್ಲಿ ಹೋಗುತ್ತದೆ. ತೀರ್ಥಹಳ್ಳಿಯ ಬೀಗರ ಮನೆಗೆ ಹೊರಟರು. ರಿಪ್ಪನ್‌ಪೇಟೆ, ಕೋಣಂದೂರು ದಾರಿ. ಕಾರು ಗೆರೆ ಹುಡುಕಿತು. ಗೆರೆಯಿಲ್ಲ. ಅಂಚು ಹುಡುಕಿತು. ಅಂಚಿನಲ್ಲಿ ಜಿಗ್ಗು, ಅದರಾಚೆ ಚರಂಡಿ. ಸ್ಟೀರಿಂಗ್ ನಡುಗಿಸಿ ಎಚ್ಚರಿಸಿತು. ಮತ್ತೆ ನಡುಗಿಸಿತು. ಆಮೇಲೆ ತನ್ನಿಂದಾಗದು ಎಂದು ಪರದೆಯ ಮೇಲೆ ಬರೆದು ಕೈಚೆಲ್ಲಿತು. ನಮ್ಮ ಜನಪ್ರತಿನಿಧಿಗಳಿಗೆ ಇಷ್ಟು ಪ್ರಾಮಾಣಿಕತೆ ಇಲ್ಲ.

ಎದುರಿಗೆ ಏನಾದರೂ ಬಂದರೆ ತಾನೇ ಬ್ರೇಕ್ ಹಾಕುತ್ತದೆ. ಹಾಕಿತು. ಪಿಕಪ್ಪಿನ ಹಿಂದೆ ಜೋತಾಡುತ್ತಿದ್ದ ಅಡಿಕೆ ಸೋಗೆಗೆ ಹಾಕಿತು. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರು ಇಳಿದು ಬಂದು ಸಾವ್ಕಾರ್ರ ವಂಶವನ್ನೇ ವಿಚಾರಿಸಿಕೊಂಡ. ರಾತ್ರಿ ಬಿಸಿ ಡಾಂಬರಿನ ಮೇಲೆ ಮಲೆನಾಡು ಗಿಡ್ಡ ದನಗಳು ಮಲಗಿದ್ದವು. ಕಾರು ನಿಂತಿತು. ದನ ಏಳಲಿಲ್ಲ. ಕಾರು ಮೆಲ್ಲಗೆ ಕುಂಯ್ ಎಂದಿತು. ದನ ಮೆಲುಕು ಹಾಕಿತು. ಯಾರು ಸರಿಯಬೇಕು ಎಂಬ ವಿಷಯದಲ್ಲಿ ಇಬ್ಬರಲ್ಲಿ ಖಚಿತ ಅಭಿಪ್ರಾಯವಿದ್ದದ್ದು ದನಕ್ಕೆ.

ಮಾತಾಡಿದರೆ ಕೇಳುತ್ತದೆ. ಇಂಗ್ಲಿಷಿನಲ್ಲಿ ಮಾತಾಡಿದರೆ. "ತೀರ್ಥಹಳ್ಳಿಗೆ ಹೋಗು" ಎಂದರೆ ಕ್ಷಮೆ ಕೇಳುತ್ತದೆ. ಸಾವ್ಕಾರ್ರು ತಾಲ್ಲೂಕಿನ ರಾಜ್ಯೋತ್ಸವ ಸಮಿತಿಯಲ್ಲಿದ್ದಾರೆ. ನವೆಂಬರಿನಲ್ಲಿ ಕನ್ನಡ ಉಳಿಸಿ ಎಂದು ಭಾಷಣ ಮಾಡುತ್ತಾರೆ. ಈಗ ಕಾರಿನ ಸಲುವಾಗಿ ಇಂಗ್ಲಿಷ್ ಕಲಿಯುತ್ತಿದ್ದಾರೆ.

ಪ್ರತಿ ತಿಂಗಳೂ ಕಾರು ಆಕಾಶದಿಂದ ಹೊಸ ಬುದ್ಧಿ ಇಳಿಸಿಕೊಳ್ಳಬೇಕು. ಅದಕ್ಕೆ ನೆಟ್‌ವರ್ಕ್ ಬೇಕು. 2021ರಲ್ಲಿ ಸಾಗರ, ಹೊಸನಗರದ ಹಳ್ಳಿಗಳ ಹುಡುಗರು ಗುಡ್ಡ ಹತ್ತಿ ಆನ್‌ಲೈನ್ ಪಾಠ ಕೇಳುತ್ತಿದ್ದಾಗ ಊರವರು "ನೋ ನೆಟ್‌ವರ್ಕ್, ನೋ ವೋಟಿಂಗ್" ಎಂದು ಬೋರ್ಡು ಹಿಡಿದಿದ್ದರು. ಮತ ಹಾಕದಿರುವುದು ಪ್ರಜಾಪ್ರಭುತ್ವಕ್ಕೆ ಅವಮಾನ ಎಂದು ಸಾವ್ಕಾರ್ರು ಆಗ ಬೈದಿದ್ದರು. ಮೊನ್ನೆ ಟವರಿಗೆ ಅರ್ಜಿ ಬರೆದಿದ್ದಾರೆ. ಕಾರಣದ ಜಾಗದಲ್ಲಿ ಮಕ್ಕಳ ಶಿಕ್ಷಣ ಎಂದಿದೆ.

ಚಾರ್ಜಿಂಗ್ ವಿಷಯ ಇನ್ನೂ ಸೊಗಸು. ಇಂಥ ಕಾರಿನ ಬ್ಯಾಟರಿ ನೂರು ಯೂನಿಟ್ಟಿನ ಆಸುಪಾಸು ಕುಡಿಯುತ್ತದೆ. ಎರಡು ಸಲ ತುಂಬಿಸಿದರೆ ಗೃಹಜ್ಯೋತಿಯ ತಿಂಗಳ 200 ಯೂನಿಟ್ ಖಲಾಸ್. ತೋಟದ ಪಂಪ್‌ಸೆಟ್ಟಿನ ಪುಕ್ಕಟೆ ಲೈನಿನಿಂದ ಎಳೆಯಬಹುದಾ ಎಂದು ಲೈನ್‌ಮನ್‌ನನ್ನು ಕೇಳಿದರಂತೆ. ಹತ್ತು ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಕಾರೂ ರೈತನದೇ ಅಲ್ಲವೇ ಎಂಬುದು ಅವರ ವಾದ. ಲೈನ್‌ಮನ್ ನಕ್ಕು, ಮರ ಬಿದ್ದ ಕಂಬ ನೋಡಲು ಹೊರಟುಹೋದ. ಆಷಾಢದ ಮಳೆಗೆ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವ ಸಾಫ್ಟ್‌ವೇರು ಜರ್ಮನಿಯಲ್ಲೂ ಇಲ್ಲ.

ಮೂರು ಕಣಿವೆಯಾಚೆ ಶರಾವತಿಯ ಒಂದೇ ಕೇಂದ್ರ 1035 ಮೆಗಾವಾಟ್ ತಯಾರಿಸುತ್ತದೆ. ಲಿಂಗನಮಕ್ಕಿಗೆ ಮನೆ ಮುಳುಗಿಸಿಕೊಂಡವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಶಿವಮೊಗ್ಗದಲ್ಲಿ ಧರಣಿ ಕೂರುತ್ತಾರೆ. ಕಾರಿನ ಕಾಗದಪತ್ರ ಸಾವ್ಕಾರ್ರ ಕೈಗೆ ವಾರದೊಳಗೆ ಬಂತು.

ಒಳಗಿನ ಗಾಳಿ ಶುದ್ಧ. ಧೂಳಿನ ಕಣ ಬಿಡಿ, ಸೂಕ್ಷ್ಮಾಣುವೂ ಸಿಕ್ಕಿಬೀಳುವ ಹೇಪಾ ಫಿಲ್ಟರ್ ಇದೆಯಂತೆ. ನಮ್ಮ ಕಡೆ ಕಾಡಿಗೆ ಹೋಗುವವರು ಉಣುಗು ಕಚ್ಚದಿರಲಿ ಎಂದು ಡೇಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಉಣುಗು ಹರಡುವ ಮಂಗನ ಕಾಯಿಲೆ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು 1957ರಲ್ಲಿ. 2019ರಲ್ಲಿ ಅರಳಗೋಡಿನಲ್ಲಿ ಜನ ಸತ್ತರು. ಇದ್ದ ಹಳೆಯ ಲಸಿಕೆ ಕೆಲಸ ಮಾಡುವುದಿಲ್ಲವೆಂದು 2022ರಲ್ಲಿ ನಿಂತಿತು. ವೈರಸ್ಸು ಒಳಗೆ ಬರದ ಕಾರು ಮೊದಲು ಬಂತು.

ಅಷ್ಟು ಶುದ್ಧ ಗಾಳಿಯಲ್ಲಿ ಕೂತು ಸಾವ್ಕಾರ್ರು ಕವಳ ಹಾಕುತ್ತಾರೆ. ಬಿಳಿ ಚರ್ಮದ ಸೀಟು. ಅರವತ್ತನಾಲ್ಕು ಬಣ್ಣದ ದೀಪ. ಗಾಜು ಸದ್ದಿಲ್ಲದೆ ಇಳಿಯುತ್ತದೆ. ಪಿಚಕ್. ಗಾಜು ಸದ್ದಿಲ್ಲದೆ ಏರುತ್ತದೆ. ರಸ್ತೆ ಬದಿ ನಿಂತಿದ್ದ ಶಾಲೆ ಹುಡುಗನ ಬಿಳಿ ಅಂಗಿಗೆ ಅರವತ್ತೈದನೆಯ ಬಣ್ಣ.

ಡ್ಯಾಶ್‌ಬೋರ್ಡಿಗೆ ಕಾರ್ಬನ್ ಫೈಬರಿನ ಅಲಂಕಾರ. ಅದೇ ಕಾರ್ಬನ್ ಫೈಬರಿನಲ್ಲಿ ಈಗ ದೋಟಿ ಬಂದಿದೆ. ನೆಲದಲ್ಲೇ ನಿಂತು ಕೊನೆ ಇಳಿಸಬಹುದು, ಮದ್ದು ಹೊಡೆಯಬಹುದು. ತರಿಸಿಕೊಡಿ ಎಂದರೆ "ಸಬ್ಸಿಡಿ ಬರಲಿ, ನೋಡುವ" ಎನ್ನುತ್ತಾರೆ. ಕೊನೆಗೌಡ ಜಾರುವ ಮರ ಹತ್ತುತ್ತಲೇ ಇದ್ದಾನೆ. ಅವನಿಗೆ ಏರ್‌ಬ್ಯಾಗ್ ಇಲ್ಲ.

ಸಬ್ಸಿಡಿ ಎಂದಾಗ ನೆನಪಾಯಿತು. ಸಾವ್ಕಾರ್ರು ಬಿಟ್ಟಿ ಭಾಗ್ಯಗಳ ಕಟ್ಟಾ ವಿರೋಧಿ. ಪುಕ್ಕಟೆ ಕೊಟ್ಟು ಜನರನ್ನು ಸೋಮಾರಿ ಮಾಡಿದರು, ತೋಟಕ್ಕೆ ಆಳು ಸಿಗುತ್ತಿಲ್ಲ ಎಂದು ದಿನಾ ಬೈಯುತ್ತಾರೆ. ಅವರ ಕೃಷಿ ಆದಾಯಕ್ಕೆ ಆದಾಯ ತೆರಿಗೆಯಿಲ್ಲ. ಸೊಸೈಟಿಯಲ್ಲಿ ಐದು ಲಕ್ಷದ ತನಕ ಬೆಳೆಸಾಲಕ್ಕೆ ಬಡ್ಡಿಯಿಲ್ಲ. ಆದಾಯ ತೆರಿಗೆ ಕಟ್ಟದ, ಜಿಎಸ್‌ಟಿ ರಿಟರ್ನ್ ಸಲ್ಲಿಸದ ಮನೆಯಾದ್ದರಿಂದ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಗೃಹಲಕ್ಷ್ಮಿ. ಎಲ್ಲವೂ ಕಾನೂನುಬದ್ಧ. ಒಂದು ಪೈಸೆ ಮೋಸವಿಲ್ಲ. ಅದೇ ಸಿಟ್ಟು ಬರಿಸುವುದು.

ಶಕ್ತಿ ಯೋಜನೆಯ ಮೇಲೆ ಮಾತ್ರ ಅವರಿಗೆ ವಿಶೇಷ ಕೋಪ. ಹೆಂಗಸರು ಬಸ್ಸಿನಲ್ಲಿ ಸುಮ್ಮನೆ ತಿರುಗುತ್ತಾರಂತೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ಉಚಿತವಿಲ್ಲ, ಟಿಕೆಟ್ಟಿದೆ. ಇದು ತಿಳಿಯಬೇಕಾದರೆ ಬಸ್ಸು ಹತ್ತಬೇಕು. ಅವರು ಕೊನೆಯ ಸಲ ಹತ್ತಿದ ಬಸ್ಸು ಗುಜರಿಗೆ ಹೋಗಿ ಕಾಲವಾಯಿತು.

ಗುಜರಿಗೆ ಹೋದದ್ದು ಬರೀ ಬಸ್ಸಲ್ಲ. ಕೊಪ್ಪದಲ್ಲಿ 1991ರಲ್ಲಿ ಕೆಲಸ ಕಳೆದುಕೊಂಡ ಬಸ್ ನೌಕರರೇ ಸೇರಿ ಸಹಕಾರ ಸಾರಿಗೆ ಕಟ್ಟಿದರು. ಡ್ರೈವರೂ ಮಾಲೀಕ, ಕಂಡಕ್ಟರೂ ಮಾಲೀಕ. ಬೇರೆ ಯಾರೂ ಬಸ್ಸು ಬಿಡದ ಮಲೆನಾಡಿನ ಮೂಲೆಗಳಿಗೆ ಬಿಟ್ಟರು. ದೇಶದ ನಾನಾ ಕಡೆಯವರು ಬಂದು ನೋಡಿ ಹೋದರು. ನೋಡಿ ಹೋದರು, ಅಷ್ಟೇ. ಖರ್ಚು ಏರಿತು, ನಷ್ಟ ಬೆಳೆಯಿತು. ಸರಕಾರ ಕೈಹಿಡಿಯಲಿ ಎಂದು ನೌಕರರು ಕೇಳಿಕೊಂಡರು. 2020ರ ಫೆಬ್ರುವರಿಯಲ್ಲಿ ಬಸ್ಸುಗಳು ನಿಂತವು. ಆ ಹೊತ್ತಿಗೆ ಕೋಟಿಯ ಬ್ಯಾಟರಿ ಕಾರಿಗೆ ಐದು ಪರ್ಸೆಂಟ್ ಜಾರಿಯಾಗಿ ಆರು ತಿಂಗಳಾಗಿತ್ತು.

ಇದು ಕಾಗೋಡು ಸತ್ಯಾಗ್ರಹದ ತಾಲ್ಲೂಕು ಎಂಬುದನ್ನು ಯಾರೂ ಮರೆಯುವಂತಿಲ್ಲ. ಸಾವ್ಕಾರ್ರೂ ಮರೆತಿಲ್ಲ. 1951ರಲ್ಲಿ ಗೇಣಿದಾರರು ಎದ್ದರು, ಲೋಹಿಯಾ ಬಂದು ಸಾಗರದಲ್ಲಿ ಬಂಧನವಾದರು. ಶಾಂತವೇರಿ ಗೋಪಾಲಗೌಡರ ಫೋಟೋ ಸಾವ್ಕಾರ್ರ ಜಗಲಿಯಲ್ಲಿದೆ, ಹಾರ ಸಮೇತ. ಕಾರಿನ ಮೊದಲ ಪೂಜೆ ಅದರ ಕೆಳಗೇ ಆಯಿತು. ನಿಂಬೆಹಣ್ಣು ನಾಲ್ಕು ಚಕ್ರಕ್ಕೂ. ಅಜ್ಜ ಧಣಿಗೆ ಗೇಣಿ ಅಳೆದ. ಮೊಮ್ಮಗ ಬ್ಯಾಂಕಿಗೆ ಕಂತು ಅಳೆಯುತ್ತಾನೆ. ನಡುವೆ ಸಮಾಜವಾದ ಬಂದು ಹೋಯಿತು.

ಸಾವ್ಕಾರ್ರೊಬ್ಬರನ್ನೇ ಬೈದರೆ ಅನ್ಯಾಯ. ಕಂತಾದರೂ ಅವರದೇ ದುಡ್ಡು. 2025ರ ಅಕ್ಟೋಬರಿನಲ್ಲಿ ದೆಹಲಿಯ ಲೋಕಪಾಲ ಏಳು ಬಿಎಂಡಬ್ಲ್ಯು ಸೆಡಾನ್‌ಗಳಿಗೆ ಟೆಂಡರ್ ಕರೆಯಿತು. ಒಂದಕ್ಕೆ ಸುಮಾರು 70 ಲಕ್ಷ. ಓಡಿಸುವುದು ಹೇಗೆಂದು ಡ್ರೈವರುಗಳಿಗೆ ಏಳು ದಿನ ಕಲಿಸಿಕೊಡಬೇಕೆಂಬುದೂ ಷರತ್ತಿನಲ್ಲಿತ್ತು. ಭ್ರಷ್ಟರ ಬೆನ್ನಟ್ಟಬೇಕಾದರೆ ಅವರಷ್ಟೇ ವೇಗದ ಕಾರು ಬೇಡವೇ? ನಮ್ಮ ರಾಜ್ಯ ಸರಕಾರವಾದರೋ ಮಳೆ ಕೈಕೊಟ್ಟ 2023ರ ಆಗಸ್ಟಿನಲ್ಲಿ ಮಂತ್ರಿಗಳಿಗೆ 33 ಹೊಸ ಇನೋವಾ ಕೊಳ್ಳಲು 9.9 ಕೋಟಿ ಮಂಜೂರು ಮಾಡಿತು. ಬರ ನೋಡಲು ಹೋಗುವವರು ಬೆವರಬಾರದಲ್ಲ.

ಮೊನ್ನೆ ಸಿಗಂದೂರಿಗೆ ಹೋಗಿ ಬಂದು ಸೇತುವೆಯನ್ನು ಹೊಗಳಿದರು. "ನೀರಿನ ಮೇಲೆ ತೇಲಿದ ಹಾಗೆ, ಗೊತ್ತೇ ಆಗ್ಲಿಲ್ಲ." 2.44 ಕಿ.ಮೀ. ಸೇತುವೆ. 2025ರ ಜುಲೈ 14ರಂದು ಗಡ್ಕರಿ ಉದ್ಘಾಟಿಸಿದರು. ಆಹ್ವಾನದ ಜಗಳದಲ್ಲಿ ಮುಖ್ಯಮಂತ್ರಿ ಬರಲಿಲ್ಲ. ಲಿಂಗನಮಕ್ಕಿಯ ಹಿನ್ನೀರು ಬಂದದ್ದು 1964ರಲ್ಲಿ. ಅವತ್ತಿನಿಂದ ಕರೂರು, ಬಾರಂಗಿ ಹೋಬಳಿಯವರು ಬಸುರಿಯನ್ನೂ ಹೆಣವನ್ನೂ ಲಾಂಚಿನಲ್ಲೇ ದಾಟಿಸಿದರು. ಸಂಜೆ ಲಾಂಚು ತಪ್ಪಿದರೆ ಬೆಳಗಿನ ತನಕ ದಡದಲ್ಲೇ. ಅವರಿಗೆ ಗೊತ್ತಾಗಿದೆ. ಚೆನ್ನಾಗಿ ಗೊತ್ತಾಗಿದೆ.

ಸೇತುವೆ ದೊಡ್ಡದಾಯಿತು, ಸಂತೋಷ. ಮಳೆಗಾಲದಲ್ಲಿ ಮಕ್ಕಳು ಚೀಲ ತಲೆ ಮೇಲಿಟ್ಟು ದಾಟುವ ಕಾಲುಸಂಕಗಳು ಮಾತ್ರ ಹಾಗೇ ಇವೆ. ನಮ್ಮ ಕಡೆಯ ಒಂದು ಕೇರಿಗೆ ಸಿಮೆಂಟು ರಸ್ತೆ ಮಂಜೂರಾಗಿತ್ತು. ರಸ್ತೆ ಹೊರಟಿತು. ಸಾವ್ಕಾರ್ರ ಗೇಟಿನ ತನಕ ಬಂತು. ಅಲ್ಲಿಗೆ ದುಡ್ಡು ಮುಗಿಯಿತು. ಕೇರಿ ಅಲ್ಲಿಂದಾಚೆ ಶುರುವಾಗುತ್ತದೆ, ಸಂಕವೂ ಅಲ್ಲಿಂದಾಚೆಯೇ.

ಶೋಕಿ ಹಿಂದೆಯೂ ಇತ್ತು. ಊರಿನ ಪಕ್ಕದಲ್ಲೇ ಮಲಂದೂರಿನ ಚಂಪಕ ಸರಸ್ಸಿದೆ. ಕೆಳದಿಯ ದೊರೆ ವೆಂಕಟಪ್ಪ ನಾಯಕ ಚಂಪಕಾ ಎಂಬ ಹುಡುಗಿಯ ನೆನಪಿಗೆ ಕಟ್ಟಿಸಿದ್ದೆಂದು ಪ್ರತೀತಿ. ಒಬ್ಬನ ಖಾಸಗಿ ಸಂಕಟಕ್ಕೆ ಸುರಿದ ದುಡ್ಡು. ಆದರೂ ಊರಿಗೊಂದು ಕೊಳ ಉಳಿಯಿತು. ಸಾವ್ಕಾರ್ರ ಬ್ಯಾಟರಿಗೆ ಕಂಪನಿ ಕೊಟ್ಟಿರುವ ಗ್ಯಾರಂಟಿ ಹತ್ತು ವರ್ಷ.

ಕಾರು ಚೆನ್ನಾಗಿದೆಯಾ ಎಂದು ನೀವು ಕೇಳುತ್ತೀರಿ. ಬಹಳ ಚೆನ್ನಾಗಿದೆ. ಒಮ್ಮೆ ನನ್ನನ್ನೂ ಕೂರಿಸಿಕೊಂಡರು. ಗುಂಡಿ ಗೊತ್ತಾಗಲಿಲ್ಲ, ಮಳೆ ಕೇಳಿಸಲಿಲ್ಲ, ಬಸ್‌ಸ್ಟ್ಯಾಂಡಿನ ಜನ ಕಾಣಿಸಿದರೂ ಅವರ ಮಾತು ಒಳಗೆ ಬರಲಿಲ್ಲ. ಆ ದುಡ್ಡಿಗೆ ಮಾರುತ್ತಿರುವುದೇ ಅದನ್ನು.

ಆದ್ದರಿಂದ ಸಾವ್ಕಾರ್ರೇ, ಒಂದೇ ವಿನಂತಿ. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ನಾವು ಹೋಗುತ್ತೇವೆ, ಅರ್ಜಿ ಕೊಡುತ್ತೇವೆ, ಅಧಿಕಾರಿ ಮೊಬೈಲು ನೋಡುತ್ತಾರೆ. ಮುಂದಿನ ಸಭೆಗೆ ನೀವು ಬನ್ನಿ. ಆ ಕಾರಿನಲ್ಲೇ ಬನ್ನಿ. ಬಾಗಿಲು ತಾನೇ ತೆರೆದುಕೊಳ್ಳುವುದನ್ನು ಅವರು ನೋಡಲಿ. ಎದ್ದು ನಿಲ್ಲುತ್ತಾರೆ, ಕುರ್ಚಿ ಕೊಡುತ್ತಾರೆ. ಆಗ ಆ ಕಾಲುಸಂಕದ ಅರ್ಜಿಗೆ ನಿಮ್ಮದೊಂದು ಸಹಿ ಹಾಕಿ. ಕನ್ನಡದಲ್ಲಿ ಹಾಕಿದರೂ ನಡೆಯುತ್ತದೆ.